ಕೃಷಿ ಅಧ್ಯಾಪಕರಿಗೆ ಸಲ್ಲಬೇಕಾದ ಬಿನ್ನವತ್ತಳೆ

ಬಿನ್ನವತ್ತಳೆ ಬರೆಯುವುದು ಕನ್ನಡ ಪಂಡಿತನ ಪಾಲಿಗೆ ತಾನಾಗಿ ಬಂದೊದಗುವ ಕರ್ತವ್ಯ. ಮುಖ್ಯೋಪಾಧ್ಯಾಯರು ನಿವೃತ್ತರಾಗಲಿ, ದಾನಿಗಳು ಕೊಠಡಿ ಕಟ್ಟಿಸಿಕೊಡಲಿ, ಕರೆ ಬರುವುದು ನಮಗೇ. ನನ್ನ ಸೇವಾವಧಿಯಲ್ಲಿ ಹೀಗೆ ಬರೆದವುಗಳಿಗೆ ನಾನು ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಒಂದು ಮಾತ್ರ ಇಂದಿಗೂ ನನ್ನನ್ನು ನಾಚಿಸುತ್ತಿದೆ.

ನಾನು ಹಿಂದೆ ಸೇವೆ ಸಲ್ಲಿಸಿದ ಮಲೆನಾಡಿನ ಅಂಚಿನ ಒಂದು ಪ್ರೌಢಶಾಲೆಯಲ್ಲಿ ಕೃಷಿ ಅಧ್ಯಾಪಕರೊಬ್ಬರು ನಿವೃತ್ತರಾದರು. ‘ಸೌಜನ್ಯಮೂರ್ತಿಗಳೇ’, ‘ವಿದ್ಯಾದಾನ ಧುರಂಧರರೇ’ ಎಂದು ಸಂಬೋಧನೆಗಳನ್ನು ಪೋಣಿಸಿ, ಪ್ರಾಸಬದ್ಧವಾಗಿ ಬರೆದು, ಸಭೆಯಲ್ಲಿ ನಾನೇ ಓದಿದೆ. ಕರತಾಡನವೂ ಆಯಿತು. ಮರುದಿನ ಅವರು ನನ್ನನ್ನು ಕಂಡು, “ಪಂಡಿತರೇ, ಬರೆಹ ಬಹಳ ಚೆನ್ನಾಗಿತ್ತು. ಹೆಸರೊಂದನ್ನು ತಿದ್ದಿದರೆ ನಮ್ಮ ಗಣಿತದ ಮೇಷ್ಟ್ರಿಗೂ ಒಪ್ಪುತ್ತದೆ, ಅಲ್ಲವೇ?” ಎಂದು ನಕ್ಕರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಅಂದು ನಾನು ಬರೆಯಬೇಕಾಗಿದ್ದುದು ಬೇರೆಯೇ ಇತ್ತು. ಮುಂಗಾರು ಹಿಡಿಯುವ ಮೊದಲು ಅವರು ಹುಡುಗರನ್ನು ಶಾಲೆಯ ತೋಟಕ್ಕೆ ಕರೆದೊಯ್ದು ಬೋರ್ಡೋ ದ್ರಾವಣ ಮಾಡಿಸುತ್ತಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಲೆಕ್ಕ ಸುಲಭ, ಮಾಡುವ ಕ್ರಮದಲ್ಲಿ ಎಚ್ಚರ ತಪ್ಪಿದರೆ ಕೆಲಸ ಕೆಟ್ಟಿತು. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಬೇಕು, ಪಾತ್ರೆ ಕಬ್ಬಿಣದ್ದಾಗಿರಬಾರದು. ಬೆರೆಸಿದ ಮೇಲೆ ಉಜ್ಜಿದ ಚಾಕುವನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಹಾಗೆಯೇ ಸಿಂಪಡಿಸಿದರೆ ಎಳೆಯ ಕೊನೆಗಳು ಸುಟ್ಟುಹೋಗುತ್ತವೆ. ಆ ಚಾಕುವನ್ನು ಪ್ರತಿಯೊಬ್ಬ ಹುಡುಗನೂ ತಾನೇ ಅದ್ದಿ ನೋಡಬೇಕೆಂಬುದು ಅವರ ಕಟ್ಟಳೆ. ಇಂತಹ ಪರೀಕ್ಷೆಯಲ್ಲಿ ನಕಲು ಮಾಡುವ ದಾರಿಯಿಲ್ಲ. ವ್ಯಾಕರಣ ಬೋಧಿಸುವ ನನಗೆ ಅಂತಹ ಚಾಕುವೊಂದು ದೊರೆತಿದ್ದರೆ ಎಷ್ಟು ಚೆನ್ನಾಗಿತ್ತು!

ಈ ಪಾಠಕ್ಕೊಂದು ಗುರುಪರಂಪರೆಯುಂಟು. ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೊಂದೇ ನಮ್ಮ ತೋಟಿಗರಿಗೆ ತಿಳಿದಿದ್ದ ಕಾಲದಲ್ಲಿ, 1908ರಲ್ಲಿ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅವರು ಗುರುತಿಸಿದರು; ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಅಡಕೆಮರದ ತುದಿಗೆ ಏರಿಸಿದರು. ನಮ್ಮ ‘ಕೊಳೆರೋಗ’ ಎಂಬ ಕನ್ನಡದ ಮಾತು ಸಸ್ಯರೋಗಶಾಸ್ತ್ರದ ಇಂಗ್ಲಿಷ್ ಗ್ರಂಥಗಳಲ್ಲಿ ಹಾಗೆಯೇ ನಿಂತಿರುವುದನ್ನು ಕಂಡು ಭಾಷೆಯವನಾದ ನನಗೆ ಸಂತೋಷವಾಗಿದೆ. 1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು; ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅಲ್ಲಿಯೇ 1946ರಲ್ಲಿ ಕಾಲೇಜು ನೆಲೆಗೊಂಡಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ರೂಪುಗೊಂಡಿತು. ಕೋಲ್ಮನ್ 1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾದರು. ಇಂದು ಮದ್ದು ಹೊಡೆಯಲು ಮರವೇರುವ ಕೊನೆಗಾರನಿಗೆ ಅವರ ಹೆಸರು ತಿಳಿಯದು. ತಿಳಿಯದಿರುವುದು ಅವನ ದೋಷವಲ್ಲ. ಹೇಳಿಕೊಡಬೇಕಾದ ಶಾಲೆಗಳ ದೋಷ.

ರೈತಾಪಿ ಜನ ಮಾತ್ರ ಒಮ್ಮೊಮ್ಮೆ ನಮಗಿಂತ ಚೆನ್ನಾಗಿ ಬಿರುದು ಕೊಡಬಲ್ಲರು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ತಂದ ಲಕ್ಷ್ಮಣಯ್ಯನವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದರು. ಅವರು ಶಾಲೆಯ ಅಧ್ಯಾಪಕರಲ್ಲವೆಂಬುದನ್ನು ಬಲ್ಲೆ. ಆದರೆ ಆ ಎರಡಕ್ಷರದ ವಿಶೇಷಣವನ್ನು ಬೇರೆ ಯಾರ ಹೆಸರಿಗೂ ಅಂಟಿಸಲಾಗದು. ನನ್ನ ‘ಧುರಂಧರ’ ಶಬ್ದಕ್ಕೆ ಆ ಯೋಗ್ಯತೆ ಇರಲಿಲ್ಲ.

ಎಲ್ಲ ಅಧ್ಯಾಪಕರೂ ಸಮಾನರು, ಕೃಷಿ ಅಧ್ಯಾಪಕರಿಗೆಂದು ಬೇರೆ ಮರ್ಯಾದೆ ಏಕೆ ಎಂದು ಕೇಳುವವರುಂಟು. ಸಮಾನರೆಂಬುದು ನಿಜವಾದರೆ ಅವರ ವಿಷಯವನ್ನೂ ಸಮಾನವಾಗಿ ಕಾಣಬೇಕಾಗಿತ್ತು. ಮುದಲಿಯಾರ್ ಆಯೋಗವು 1953ರಲ್ಲಿ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿದಾಗ ಕೃಷಿಯೂ ಒಂದು ಐಚ್ಛಿಕ ವಿಭಾಗವಾಗಿತ್ತು. ಆ ವ್ಯವಸ್ಥೆ ಬಹುಕಾಲ ಉಳಿಯಲಿಲ್ಲ. ಇಂದು ಬಹುಪಾಲು ಶಾಲೆಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮುಖ್ಯ ವಿಷಯಗಳ ಸಾಲಿನಲ್ಲಿ ಕೃಷಿ ಇಲ್ಲ. ಆದಕಾರಣ ಫಲಿತಾಂಶದ ಪಟ್ಟಿಯಲ್ಲಿ ಆ ಅಧ್ಯಾಪಕರ ದುಡಿಮೆ ಕಾಣದು. ಪಟ್ಟಿಯಲ್ಲಿ ಕಾಣದ್ದು ಸಮಿತಿಯ ಕಣ್ಣಿಗೂ ಬೀಳದು. ಅವರ ಫಲಿತಾಂಶ ಇರುವುದು ಹಳೆಯ ವಿದ್ಯಾರ್ಥಿಗಳ ಗದ್ದೆ ತೋಟಗಳಲ್ಲಿ, ಅದೂ ಹತ್ತಿಪ್ಪತ್ತು ವರ್ಷಗಳ ತರುವಾಯ.

ಆದುದರಿಂದ ಶ್ರೀಮಠದ ಆಶ್ರಯದ ಈ ವಿದ್ಯಾಸಂಸ್ಥೆಯ ಹಿರಿಯರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಕೃಷಿ ಅಧ್ಯಾಪಕರನ್ನು ಸನ್ಮಾನಿಸುವ ಮುನ್ನ ಬಿನ್ನವತ್ತಳೆ ಬರೆಯುವವನು ಅವರ ಶಿಷ್ಯರಲ್ಲಿ ನಾಲ್ಕಾರು ಮಂದಿಯ ಹೊಲಗಳನ್ನು ಕಾಲ್ನಡಿಗೆಯಲ್ಲಿ ನೋಡಿ ಬರಲಿ. ನಿವೃತ್ತಿಯವರೆಗೆ ಕಾಯುವುದೂ ಬೇಡ. ಗುದ್ದಲಿ ಕೈಯಲ್ಲಿರುವಾಗಲೇ ಶಾಲು ಹೊದಿಸಿದರೆ ತಪ್ಪೇನು? ದಾನಿಗಳ ಹೆಸರನ್ನು ಕೊಠಡಿಯ ಗೋಡೆಗೆ ಕೆತ್ತಿಸುತ್ತೇವೆ, ಅದು ಉಚಿತವೇ. ಹಾಗೆಯೇ ಶಾಲೆಯ ಹೊಲಕ್ಕೆ ಅದನ್ನು ಹಸನು ಮಾಡಿದ ಅಧ್ಯಾಪಕರ ಹೆಸರಿರಲಿ. ಹೆಸರಿಟ್ಟ ನೆಲದ ಮೇಲೆ ಮುಂದೆ ಕಟ್ಟಡ ಕಟ್ಟಲು ಯಾರಿಗಾದರೂ ಸಂಕೋಚವಾದೀತು ಎಂಬ ಸ್ವಾರ್ಥವೂ ನನ್ನ ಸಲಹೆಯಲ್ಲಿದೆ. ಬೇಲಿಗೆ, ಪಂಪಿಗೆ, ಬೀಜಕ್ಕೆ ವರ್ಷವರ್ಷವೂ ಬೇಕಾಗುವ ಹಣ ಕೊಠಡಿಯ ವೆಚ್ಚಕ್ಕೆ ಹೋಲಿಸಿದರೆ ಅಲ್ಪವೇ. ಆದರೆ ಬೇಲಿಗೆ ಶಂಕುಸ್ಥಾಪನೆಯಿಲ್ಲ, ಉದ್ಘಾಟನೆಯಿಲ್ಲ. ದಾನಿಗಳು ಇದನ್ನು ಮನ್ನಿಸಿ ಮುಂದೆ ಬರಬೇಕು.

ಆ ಅಧ್ಯಾಪಕರಿಗೆ ನಾನು ಮತ್ತೊಂದು ಬಿನ್ನವತ್ತಳೆ ಬರೆದೆ. ಸಂಬೋಧನೆಗಳನ್ನೆಲ್ಲ ತೆಗೆದು, ಚಾಕುವಿನ ಪಾಠವನ್ನೂ ಅವರ ಮೂವರು ಶಿಷ್ಯರ ತೋಟಗಳಲ್ಲಿ ನಾನು ಕಂಡದ್ದನ್ನೂ ಬರೆದು, ಅವರ ಮನೆಗೆ ಒಯ್ದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕೊನೆಗೆ ಪೆನ್ಸಿಲು ತರಿಸಿ ಒಂದು ವಾಕ್ಯವನ್ನು ತಿದ್ದಿದರು. ಮೈಲುತುತ್ತದ ನೀರಿಗೆ ಸುಣ್ಣದ ತಿಳಿಯನ್ನು ಸುರಿಯುತ್ತಿದ್ದರೆಂದು ನಾನು ಬರೆದಿದ್ದೆ. “ಹಾಗಲ್ಲ ಪಂಡಿತರೇ, ಸುಣ್ಣಕ್ಕೆ ಮೈಲುತುತ್ತ,” ಎಂದು ಹೇಳಿ, ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.