ಪರರ ಹೊಗೆಯೂ ಪ್ರಯಾಣಿಕರ ಆರೋಗ್ಯವೂ

ಧೂಮಪಾನವು ಸೇದುವವನ ಸ್ವಂತ ವಿಷಯವೆಂದೂ, ಅದರ ಫಲವು ಅವನೊಬ್ಬನಿಗೇ ಸೇರಿದುದೆಂದೂ ವಾದಿಸುವ ಮಹನೀಯರು ನಮ್ಮಲ್ಲಿ ಇನ್ನೂ ಇದ್ದಾರೆ. ತನ್ನ ದೇಹವನ್ನು ತಾನೇ ಕೆಡಿಸಿಕೊಳ್ಳುವವನಿಗೆ ಬುದ್ಧಿ ಹೇಳುವುದು ಅವನ ಮನೆಯವರ ಮತ್ತು ವೈದ್ಯರ ಕೆಲಸ. ಅದನ್ನು ನಾವು ಇಲ್ಲಿ ಕೈಕೊಳ್ಳುವುದಿಲ್ಲ. ಆದರೆ ಒಬ್ಬನು ಬಿಟ್ಟ ಹೊಗೆಯನ್ನು, ಎದ್ದುಹೋಗಲು ದಾರಿಯಿಲ್ಲದ ಇನ್ನೊಬ್ಬನು ಉಸಿರಾಡಬೇಕಾಗಿ ಬಂದಾಗ ಅದು ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಪರದೇಶಗಳಿಗೆ ಪ್ರಯಾಣ ಮಾಡುವವನ ಸ್ಥಿತಿ ಇಂಥದು. ತನ್ನ ಊರಿನಲ್ಲಾದರೆ ಹೊಗೆಯಿರುವ ಜಾಗವನ್ನು ಬಿಟ್ಟು ನಡೆದಾನು; ವಿಮಾನವನ್ನೂ ನಿಲ್ದಾಣವನ್ನೂ ಬಿಟ್ಟು ಎಲ್ಲಿಗೆ ಹೋದಾನು?

ಪರರ ಹೊಗೆಯಿಂದ ಕೇಡುಂಟೆಂಬುದು ಊಹೆಯ ಮಾತಲ್ಲ. ಜಪಾನಿನ ತಕೇಶಿ ಹಿರಾಯಾಮಾ ಎಂಬ ವೈದ್ಯವಿದ್ವಾಂಸರು ತಾವು ಸೇದದಿದ್ದ ಸುಮಾರು 91,500 ಮಂದಿ ಗೃಹಿಣಿಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಿ, ಬಹಳವಾಗಿ ಸೇದುವ ಗಂಡಂದಿರ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರು ಹೆಚ್ಚೆಂದು 1981ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಅಥವಾ ಕೆಲಸದ ಸ್ಥಳದಲ್ಲಿ ಪರರ ಹೊಗೆಯನ್ನು ಸೇವಿಸುವವರಿಗೆ ಹೃದ್ರೋಗದ ಭಯವು ಶೇಕಡಾ 25ರಿಂದ 30ರಷ್ಟೂ, ಶ್ವಾಸಕೋಶದ ಕ್ಯಾನ್ಸರಿನ ಭಯವು ಶೇಕಡಾ 20ರಿಂದ 30ರಷ್ಟೂ ಹೆಚ್ಚುವುದೆಂದು ಅಮೆರಿಕದ ಸರ್ಜನ್ ಜನರಲ್ ಅವರು 2006ರಲ್ಲಿ ವರದಿ ಮಾಡಿದರು. ಈ ಹೊಗೆಯಲ್ಲಿ ಇಷ್ಟಾದರೆ ಅಪಾಯವಿಲ್ಲವೆಂಬ ಮಿತಿಯೇ ಇಲ್ಲವೆಂದೂ ಸಾರಿದರು. ಒಂದು ಪ್ರಯಾಣದ ಹೊಗೆಯು ಬಹುವರ್ಷಗಳ ಹೊಗೆಗೆ ಸಮವಲ್ಲ, ನಿಜ. ಆದರೆ ಉಬ್ಬಸದವರಿಗೂ, ಹೃದ್ರೋಗಿಗಳಿಗೂ, ಎಳೆಯ ಮಕ್ಕಳಿಗೂ ಸ್ವಲ್ಪ ಹೊತ್ತಿನ ಹೊಗೆಯೇ ಸಾಕು. ತಾವು ಸೇದದೆ ಪರರ ಹೊಗೆಯಿಂದ ಸಾಯುವವರ ಸಂಖ್ಯೆಯು ಲೋಕದಲ್ಲಿ ವರ್ಷಕ್ಕೆ ಹತ್ತು ಲಕ್ಷವನ್ನು ಮೀರಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇದಕ್ಕಿಂತ ಸರಿಯಾಗಿ ಎಲ್ಲಿ ಅನ್ವಯಿಸಬಹುದು?

ಹಿಂದೆ ವಿಮಾನಗಳಲ್ಲಿಯೇ ಸಿಗರೇಟು ಸೇದಲು ಅವಕಾಶವಿದ್ದಿತು. ಸೇದುವವರಿಗೆ ಕೆಲವು ಸಾಲುಗಳನ್ನು ಬೇರೆಯಾಗಿಟ್ಟರೆ ಉಳಿದವರು ಸುರಕ್ಷಿತರೆಂದು ಕಂಪನಿಗಳವರು ಹೇಳುತ್ತಿದ್ದರು. ಆಸನಗಳನ್ನು ವಿಂಗಡಿಸಬಹುದು, ಗಾಳಿಯನ್ನು ವಿಂಗಡಿಸಲಾದೀತೆ? ಸೇದದವರ ಭಾಗದಲ್ಲಿ ಕೆಲಸಮಾಡುವ ಪರಿಚಾರಕರಿಗೂ ಹೊಗೆಯಿಂದ ರಕ್ಷಣೆಯಿಲ್ಲವೆಂದು 1989ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ತೋರಿಸಿತು. ಅಮೆರಿಕವು 1988ರಲ್ಲಿ ಎರಡು ಗಂಟೆಗಳೊಳಗಿನ ದೇಶೀಯ ಪ್ರಯಾಣಗಳಲ್ಲಿಯೂ, 1990ರಲ್ಲಿ ಆರು ಗಂಟೆಗಳೊಳಗಿನವುಗಳಲ್ಲಿಯೂ ಧೂಮಪಾನವನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1996ರ ಜುಲೈ 1ರೊಳಗಾಗಿ ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ ಹೊಗೆಯಿಂದ ಮುಕ್ತವಾಗಬೇಕೆಂದು 1992ರಲ್ಲಿ ನಿರ್ಣಯಿಸಿತು. ಪರಿಚಾರಕಿಯರು ಸಿಗರೇಟು ಕಂಪನಿಗಳ ಮೇಲೆ 1991ರಲ್ಲಿ ಹೂಡಿದ ದಾವೆಯು 1997ರಲ್ಲಿ ರಾಜಿಯಾಗಿ, ವೈದ್ಯಕೀಯ ಸಂಶೋಧನೆಗೆಂದು 30 ಕೋಟಿ ಡಾಲರುಗಳನ್ನು ಕೊಡಲು ಆ ಕಂಪನಿಗಳು ಒಪ್ಪಬೇಕಾಯಿತು. ವಿಮಾನದ ಗಾಳಿಯು ತಾನಾಗಿ ಶುದ್ಧವಾಗಲಿಲ್ಲ, ಹೋರಾಡಿದವರಿಂದ ಶುದ್ಧವಾಯಿತು.

ವಿಮಾನದಿಂದ ಹೊರಬಿದ್ದ ಆ ತಪ್ಪು ಈಗ ನಿಲ್ದಾಣದಲ್ಲಿ ಮನೆಮಾಡಿದೆ. ಅನೇಕ ದೇಶಗಳ ನಿಲ್ದಾಣಗಳಲ್ಲಿ ಗಾಜಿನ ಗೋಡೆಯ ಧೂಮಪಾನ ಕೊಠಡಿಗಳುಂಟು. ಬಾಗಿಲು ತೆರೆದಾಗಲೆಲ್ಲ ಹೊಗೆಯು ಹೊರಕ್ಕೆ ನುಗ್ಗುವುದು. ಅಮೆರಿಕದ ರೋಗನಿಯಂತ್ರಣ ಕೇಂದ್ರದವರು 2012ರಲ್ಲಿ ಪ್ರಕಟಿಸಿದ ಅಳತೆಯ ಮೇರೆಗೆ, ಹೊಗೆಯಿಲ್ಲದ ನಿಲ್ದಾಣಗಳಿಗಿಂತ ಇಂಥ ಕೊಠಡಿಗಳೊಳಗೆ ಹೊಗೆಯ ಮಾಲಿನ್ಯವು 23 ಪಾಲೂ, ಅವುಗಳ ಹೊರಬದಿಯಲ್ಲಿ 5 ಪಾಲೂ ಇದ್ದಿತು. ಮಂಗಳೂರು ಬೆಂಗಳೂರುಗಳಿಂದ ಹೊಟ್ಟೆಪಾಡಿಗಾಗಿ ಕೊಲ್ಲಿ ದೇಶಗಳಿಗೆ ಹೋಗುವ ನಮ್ಮ ಜನರೂ, ಮಕ್ಕಳನ್ನು ನೋಡಲು ಕಡಲಾಚೆಗೆ ಹೊರಡುವ ವೃದ್ಧರೂ ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ಕಾಯಬೇಕಾಗುವುದು. ಅವರಾದರೂ ವಿಮಾನವೇರಿ ಹೋಗುವರು. ದಿನವೂ ಆ ಕೊಠಡಿಯೊಳಗೆ ಹೋಗಿ ಬೂದಿಯನ್ನು ಗುಡಿಸುವ ಕೂಲಿಯವನ ಗತಿಯೇನು? ಅವನ ಉಸಿರಿಗೆ ಬೆಲೆಯಿಲ್ಲವೆ?

ನಮ್ಮ ದೇಶದ 2003ರ ಕಾಯಿದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. ಅದರ ಕಟ್ಟುನಿಟ್ಟಾದ ನಿಯಮಗಳು 2008ರ ಗಾಂಧೀ ಜಯಂತಿಯಂದು ಜಾರಿಗೆ ಬಂದವು. ಆದರೆ ಅದೇ ಕಾಯಿದೆಯ 4ನೆಯ ಕಲಮು ದೊಡ್ಡ ಹೋಟೆಲುಗಳಲ್ಲಿಯೂ ವಿಮಾನ ನಿಲ್ದಾಣಗಳಲ್ಲಿಯೂ ಪ್ರತ್ಯೇಕ ಧೂಮಪಾನ ಸ್ಥಳಕ್ಕೆ ಎಡೆಗೊಟ್ಟಿತು. ತಂಬಾಕಿನ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 2004ರಲ್ಲಿ ಬದ್ಧವಾಯಿತು. ಪ್ರತ್ಯೇಕ ಕೊಠಡಿ, ಗಾಳಿಯಂತ್ರಗಳಿಂದ ರಕ್ಷಣೆ ಸಿಕ್ಕದೆಂದು ಆ ಒಪ್ಪಂದದ 2007ರ ಮಾರ್ಗಸೂಚಿಗಳು ಹೇಳುತ್ತವೆ. ಒಂದು ಕೈಯಿಂದ ಸಹಿ ಹಾಕಿ ಇನ್ನೊಂದು ಕೈಯಿಂದ ಬಾಗಿಲು ತೆರೆಯುವುದು ನಮ್ಮ ದೇಶದ ಘನತೆಗೆ ತಕ್ಕುದಲ್ಲ.

ಸೇದುವವರಿಗೆ ತೊಂದರೆಯಾಗುವುದೆಂದು ಕೆಲವರು ಆಕ್ಷೇಪಿಸಬಹುದು. ವಿಮಾನದಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ತಡೆದಿರಬಲ್ಲವರು ನಿಲ್ದಾಣದಲ್ಲಿ ಎರಡು ಮೂರು ಗಂಟೆ ತಡೆಯಲಾರರೆ? ತಡೆಯದವರಿಗೆ ಕಟ್ಟಡದ ಹೊರಗೆ, ಬಾಗಿಲುಗಳಿಂದ ದೂರವಾಗಿ, ಬಯಲಿನಲ್ಲಿ ಜಾಗ ಕೊಡಲಿ, ನಾವು ಅಡ್ಡಬರುವುದಿಲ್ಲ.

ಆದುದರಿಂದ ವಿಮಾನ ನಿಲ್ದಾಣಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ಕಾಯಿದೆಯಿಂದ ತೆಗೆದುಹಾಕಬೇಕೆಂದು ನಾವು ಸರಕಾರದವರನ್ನು ಒತ್ತಾಯಪಡಿಸುತ್ತೇವೆ. ಅದಕ್ಕೆ ಹೊಸ ಇಲಾಖೆಯಾಗಲಿ ದೊಡ್ಡ ವೆಚ್ಚವಾಗಲಿ ಬೇಕಿಲ್ಲ. ಕೆಲವು ಶಬ್ದಗಳನ್ನು ಹೊಡೆದುಹಾಕಿದರೆ ಸಾಕು. ಅಲ್ಲಿಯವರೆಗೆ ಕಾಯಿದೆಯು "ಮಾಡಬಹುದು" ಎಂದಿದೆಯೇ ಹೊರತು "ಮಾಡಲೇಬೇಕು" ಎಂದಿಲ್ಲವೆಂಬುದನ್ನು ನಿಲ್ದಾಣಗಳ ಅಧಿಕಾರಿಗಳು ನೆನಪಿನಲ್ಲಿಡಲಿ. ವಾಚಕರೂ ಪ್ರಯಾಣಕಾಲದಲ್ಲಿ ಹೊಗೆಯನ್ನು ಕಂಡರೆ ಮುಖ ತಿರುಗಿಸಿ ಸುಮ್ಮನಿರದೆ, ಅಧಿಕಾರಿಗಳಿಗೆ ಬರಹದ ಮೂಲಕ ದೂರು ಕೊಡಲಿ. ಕೇಳದವರಿಗೆ ಶುದ್ಧವಾದ ಗಾಳಿಯನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ.