ಯುದ್ಧಕ್ಕೆ ನಿಷಿದ್ಧ, ಬೀದಿಗೆ ವಿಹಿತ

'ಗುಂಪನ್ನು ಚದುರಿಸಲು ಪೊಲೀಸರು ಅಶ್ರುವಾಯು ಪ್ರಯೋಗಿಸಿದರು' ಎಂಬ ವಾಕ್ಯವನ್ನು ಪತ್ರಿಕೆಗಳಲ್ಲಿ ಓದದ ವಾಚಕರು ವಿರಳ. ಹೆಸರಿನಲ್ಲಿ ವಾಯುವಿದ್ದರೂ ಈ ವಸ್ತು ವಾಯುವಲ್ಲ; ನುಣ್ಣನೆಯ ಪುಡಿ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಬಗೆಯನ್ನು 1928ರಲ್ಲಿ ಅಮೆರಿಕದ ಮಿಡ್ಲ್‌ಬರಿ ಕಾಲೇಜಿನಲ್ಲಿ ಸಿದ್ಧಪಡಿಸಿದವರು ಕಾರ್ಸನ್ ಮತ್ತು ಸ್ಟೌಟನ್ ಎಂಬ ಇಬ್ಬರು ರಸಾಯನಜ್ಞರು. ಅವರ ಹೆಸರುಗಳ ಮೊದಲಕ್ಷರಗಳಿಂದಲೇ ಅದು 'ಸಿ.ಎಸ್.' ಎನಿಸಿಕೊಂಡಿತು. ಷೆಲ್ಲು ಸಿಡಿದೊಡನೆ ಪುಡಿಯು ಹೊಗೆಯಂತೆ ಹರಡಿ, ಕಣ್ಣು, ಮೂಗು, ಗಂಟಲುಗಳ ತೇವಕ್ಕೆ ಅಂಟಿ, ಅಲ್ಲಿನ ನರಗಳನ್ನು ಕೆರಳಿಸುತ್ತದೆ. ಅದನ್ನು ತೊಳೆದು ಹೊರಹಾಕಲು ದೇಹವು ನಡೆಸುವ ಹೋರಾಟವೇ ಕಣ್ಣೀರು.

ಇಲ್ಲೊಂದು ಸೋಜಿಗವುಂಟು. ರಣರಂಗದಲ್ಲಿ ಶತ್ರುಸೈನಿಕನ ಮೇಲೆ ಬಳಸಬಾರದ ಈ ಹೊಗೆಯನ್ನು ಸ್ವದೇಶದ ಪ್ರಜೆಯ ಮೇಲೆ ಬಳಸಬಹುದು! 1993ರಲ್ಲಿ ಸಹಿಗೆ ತೆರೆದ ರಾಸಾಯನಿಕ ಅಸ್ತ್ರಗಳ ಒಪ್ಪಂದ ಹೇಳುವುದು ಹೀಗೆಯೇ. ಭಾರತವೂ ಅದಕ್ಕೆ ಬದ್ಧವಾಗಿದೆ.

ಈ ಭೇದಕ್ಕೆ ಕಾರಣವಿಲ್ಲದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1914ರಲ್ಲಿ, ಫ್ರೆಂಚ್ ಸೈನಿಕರು ಕಣ್ಣೀರು ತರಿಸುವ ಸಿಡಿಗುಂಡುಗಳನ್ನು ಬಳಸಿದರು. ಮರುವರ್ಷವೇ ಜರ್ಮನರು ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಬಳಿ ಪ್ರಾಣಹಾರಿಯಾದ ಕ್ಲೋರಿನ್ ಹರಿಯಬಿಟ್ಟರು. ತನ್ನತ್ತ ತೇಲಿಬರುವ ಹೊಗೆ ಅಳಿಸುವುದೋ ಕೊಲ್ಲುವುದೋ ಎಂಬುದು ಕಂದಕದಲ್ಲಿರುವವನಿಗೆ ಹೇಗೆ ತಿಳಿಯಬೇಕು? ಅವನು ವಿಷದಿಂದಲೇ ಉತ್ತರ ಕೊಡಬಹುದು. ಬೀದಿಯಲ್ಲಿ ಆ ಭಯವಿಲ್ಲ. ಗುಂಡಿಗಿಂತ ಹೊಗೆ ಲೇಸು ಎಂಬುದು ಸರಕಾರಗಳ ವಾದ.

ವಾದವನ್ನು ಒಪ್ಪೋಣ, ಆದರೆ ಒಂದು ನಿಬಂಧನೆಯೊಡನೆ. ಚದುರಬೇಕಾದವರಿಗೆ ಚದುರಲು ದಾರಿಯಿರಬೇಕು. 1964ರ ಮೇ 24ರಂದು ಪೆರು ದೇಶದ ಲಿಮಾ ನಗರದಲ್ಲಿ ಕಾಲ್ಚೆಂಡಿನ ಪಂದ್ಯದ ವೇಳೆ ಪೊಲೀಸರು ಪ್ರೇಕ್ಷಕರ ಮೇಲೆ ಅಶ್ರುವಾಯು ಸಿಡಿಸಿದರು. ಜನ ಮೆಟ್ಟಿಲಿಳಿದು ಓಡಿದರೆ, ಬೀದಿಯ ಬಾಗಿಲುಗಳು ಮುಚ್ಚಿದ್ದವು. ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯದ ಮಲಾಂಗ್‌ನಲ್ಲಿ ಅದೇ ಕಥೆ ಮರುಕಳಿಸಿತು. ಇಕ್ಕಟ್ಟಾದ ದ್ವಾರಗಳತ್ತ ನುಗ್ಗಿದವರಲ್ಲಿ ಉಸಿರುಕಟ್ಟಿಯೂ ತುಳಿತಕ್ಕೆ ಸಿಕ್ಕಿಯೂ ಸತ್ತವರು 135 ಮಂದಿ. ಅವರಲ್ಲಿ ಮಕ್ಕಳೂ ಇದ್ದರು.

ಈ ಹೊಗೆಗೆ ಸಿಕ್ಕವರು ಕಣ್ಣುಜ್ಜಬಾರದು. ತೆರೆದ ಗಾಳಿಗೆ ಸರಿದು, ಧಾರಾಳವಾಗಿ ತಣ್ಣೀರಿನಿಂದ ಕಣ್ಣು ತೊಳೆದುಕೊಂಡು, ಬಟ್ಟೆ ಬದಲಿಸಬೇಕು. ಇದು ಪ್ರಜೆಗಳು ಅರಿತಿರಬೇಕಾದ ಮಾತು. ಷೆಲ್ಲು ಹಾರಿಸುವವರು ಅರಿಯಬೇಕಾದುದು ಇನ್ನೂ ಚಿಕ್ಕದು: ಮೊದಲು ಬಾಗಿಲು ತೆರೆದಿದೆಯೇ ಎಂದು ನೋಡುವುದು.