ಅದ್ಭುತ ಕಥೆಗಳೂ ನಮ್ಮ ಓದುಗರ ಬಳಗವೂ

ಪ್ರತಿವರ್ಷ ಜೂನ್ 19 ಬಂತೆಂದರೆ ಕೇರಳದ ಶಾಲೆಗಳಲ್ಲೆಲ್ಲ ವಾಚನ ದಿನದ ಸಂಭ್ರಮ. ಗ್ರಂಥಾಲಯ ಚಳವಳಿಗಾಗಿ ಬಾಳು ಸವೆಸಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ನಿಧನರಾದ ದಿನವದು. ಅಂದು ಕಪಾಟಿನ ಬೀಗ ತೆರೆಯುತ್ತದೆ. ಪುಸ್ತಕಗಳ ಧೂಳು ಕೊಡವುತ್ತೇವೆ. ಓದುತ್ತೇವೆಂದು ಪ್ರತಿಜ್ಞೆ ಮಾಡುತ್ತೇವೆ. ವಾರ ಕಳೆಯುವಷ್ಟರಲ್ಲಿ ಬೀಗ ತನ್ನ ಸ್ವಸ್ಥಾನವನ್ನು ಸೇರಿರುತ್ತದೆ. ಹಾಗಾಗಬಾರದೆಂದು ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ಓದುಗರ ಬಳಗವೊಂದನ್ನು ಕಟ್ಟಿದೆವು. ಶುಕ್ರವಾರದ ಮಧ್ಯಾಹ್ನ ವಿರಾಮ ತುಸು ದೀರ್ಘವಾಗಿರುವುದರಿಂದ ಊಟವಾದ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಸೇರುವುದೆಂದು ನಿಶ್ಚಯವಾಯಿತು. ಮೊದಲ ದಿನ 19 ಮಕ್ಕಳು ಬಂದರು. ಓಣಂ ರಜೆ ಮುಗಿಯುವಾಗ 11 ಮಂದಿ ಉಳಿದರು. ಕ್ರಿಸ್‌ಮಸ್ ಪರೀಕ್ಷೆಯ ಹೊತ್ತಿಗೆ 7.

ಇದಕ್ಕೆ ಮಕ್ಕಳ ಉದಾಸೀನವೇ ಕಾರಣವೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಸಂಚಾಲಕನಾದ ನಾನು ವಿಚಾರ ಮಾಡಿ ನೋಡಿದಾಗ ತಪ್ಪು ಪುಸ್ತಕದ ಆಯ್ಕೆಯಲ್ಲಿತ್ತು ಎಂಬುದು ಮನವರಿಕೆಯಾಯಿತು. ಆ ಅನುಭವವನ್ನೂ, ಅದರಿಂದ ಮೂಡಿದ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವೈಜ್ಞಾನಿಕ ಕಾದಂಬರಿ ಅಥವಾ ಮಾಯಾಲೋಕದ ಅದ್ಭುತ ಕಾದಂಬರಿ ಬೇಕೆಂದು ಕೇಳಿದವರು ಮಕ್ಕಳೇ. ಮೊದಲ ಸಲ ಮತದಾನ ನಡೆಸಿದೆವು. ಸಿನಿಮಾ ನೋಡಿದ ನೆನಪಿನಿಂದ ಎಲ್ಲರೂ ಭಾರೀ ಗಾತ್ರದ ಒಂದು ಪುಸ್ತಕಕ್ಕೆ ಮತ ಕೊಟ್ಟರು. ಮುಗಿಸಿದವರು ಇಬ್ಬರೇ. ಉಳಿದವರು ಸಿನಿಮಾದ ಕಥೆಯನ್ನೇ ಹೇಳಿದರು. ಎರಡನೆಯ ಸಲ ಆಯ್ಕೆ ನನ್ನದು. ಜ್ಞಾನವೃದ್ಧಿಯಾಗಲೆಂದು, ಮಕ್ಕಳು ರಾಕೆಟ್ಟಿನಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುವ ಚಿಕ್ಕ ಪುಸ್ತಕವೊಂದನ್ನು ಆರಿಸಿದೆ. ಅದರಲ್ಲಿ ಒಬ್ಬ ಮಾವ ಪುಟಪುಟಕ್ಕೂ ಅಂಕಿಅಂಶ ಹೇಳುತ್ತಾನೆ. ಎಲ್ಲರೂ ಓದಿ ಬಂದರು. ಆದರೆ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಮಾವ ಹೇಳಿದ್ದೆಲ್ಲ ಸರಿಯೇ ಅಲ್ವಾ? ಮತ್ತೆ ಮಾತಾಡ್ಲಿಕ್ಕೆ ಏನುಂಟು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ನನಗೆ ನೆನಪಾದದ್ದು ನಮ್ಮ ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಹುಟ್ಟಿದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೂ ಬೆಳಗಿನ ತನಕ ಜನ ಕೂತು ಕೇಳುತ್ತಾರೆ. ಏಕೆ? ಪ್ರಸಂಗದ ಆಯ್ಕೆಯಲ್ಲೇ ಗುಟ್ಟಿದೆ. ವಾಲಿವಧೆಯನ್ನು ಇಡುತ್ತಾರೆ, ಏಕೆಂದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳಬಲ್ಲ, ರಾಮ ಉತ್ತರಿಸಬಲ್ಲ. ಇಬ್ಬರ ಮಾತಿನಲ್ಲೂ ತೂಕವಿದೆ. ಎರಡು ಕಡೆಯವರಿಗೂ ಅರ್ಥ ಹೇಳಲು ಅವಕಾಶವಿಲ್ಲದ ಪ್ರಸಂಗವನ್ನು ಯಾವ ಸಂಘಟಕನೂ ಆರಿಸಲಾರ. ಓದುಗರ ಬಳಗವೆಂದರೂ ಒಂದು ಬಗೆಯ ತಾಳಮದ್ದಳೆಯೇ. ಒಬ್ಬನೇ ಮನೆಯಲ್ಲಿ ಕೂತು ಓದಲು ಒಳ್ಳೆಯದಾದ ಪುಸ್ತಕ ಬಳಗಕ್ಕೂ ಒಳ್ಳೆಯದಾಗಬೇಕೆಂದಿಲ್ಲ. ಓದಿ ಮುಗಿಸಿದ ಮೇಲೆ ಬಳಗ ಎರಡಾಗಿ ಒಡೆದು ವಾದಿಸುವಂತಿರಬೇಕು. ನನ್ನ ಮೊದಲನೆಯ ಅಳತೆಗೋಲು ಇದು.

ಎರಡನೆಯದು, ಕಥೆ ತಾನು ಹಾಕಿಕೊಂಡ ನಿಯಮಕ್ಕೆ ನಿಷ್ಠವಾಗಿರಬೇಕು. ಅದ್ಭುತ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಹಿರಣ್ಯಕಶಿಪುವಿಗೆ ಹಗಲಲ್ಲಿ ಸಾವಿಲ್ಲ, ಇರುಳಲ್ಲಿ ಇಲ್ಲ. ಒಳಗೆ ಇಲ್ಲ, ಹೊರಗೆ ಇಲ್ಲ. ಮನುಷ್ಯನಿಂದಲೂ ಮೃಗದಿಂದಲೂ ಇಲ್ಲ. ದೇವರಿಗೂ ಆ ವರವನ್ನು ಮುರಿಯಲು ಬರುವುದಿಲ್ಲ. ಮುಸ್ಸಂಜೆಯನ್ನೂ ಹೊಸ್ತಿಲನ್ನೂ ನರಸಿಂಹನನ್ನೂ ಹುಡುಕಬೇಕಾಯಿತು. ಅಮೆರಿಕದ ಐಸಾಕ್ ಅಸಿಮೋವ್ 1942ರಲ್ಲಿ ಪ್ರಕಟವಾದ ಒಂದು ಕಥೆಯಲ್ಲಿ ಯಂತ್ರಮಾನವರಿಗೆ ಮೂರು ನಿಯಮಗಳನ್ನು ವಿಧಿಸಿದರು: ಮನುಷ್ಯನಿಗೆ ಹಾನಿ ಮಾಡಬಾರದು, ಹೇಳಿದ ಮಾತು ಕೇಳಬೇಕು, ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಅದೇ ಕಥೆಯಲ್ಲಿ ಬುಧಗ್ರಹದ ಮೇಲಿನ ಯಂತ್ರಮಾನವನೊಂದು ಎರಡನೆಯ ಮತ್ತು ಮೂರನೆಯ ನಿಯಮಗಳ ನಡುವೆ ಸಿಕ್ಕಿಕೊಂಡು ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಸುತ್ತು ಹಾಕತೊಡಗುತ್ತದೆ. ವರವನ್ನು ಮುರಿಯದೆ ವರದೊಳಗಿನ ಸಂದನ್ನು ಹುಡುಕುವ ಕಲೆ ಎರಡೂ ಕಡೆ ಒಂದೇ. ಕಷ್ಟ ಬಂದಾಗಲೆಲ್ಲ ಹೊಸದೊಂದು ಮಂತ್ರವನ್ನು ತಂದು ನಾಯಕನನ್ನು ಪಾರುಮಾಡುವ ಕಾದಂಬರಿಯನ್ನು ಬಳಗ ದೂರವಿಡುವುದು ಲೇಸು.

"ಪುರಾಣದಲ್ಲಿ ಪುಷ್ಪಕ ವಿಮಾನವೇ ಇರುವಾಗ ಪರದೇಶದ ಕಥೆ ಯಾಕೆ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಪುರಾಣವನ್ನು ಬಿಡೋಣವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಅದ್ಭುತ ವರದಿಂದ ಬರುತ್ತದೆ. ವೈಜ್ಞಾನಿಕ ಕಾದಂಬರಿಯಲ್ಲಿ ಅದು ಕಾರಣದಿಂದ ಬರಬೇಕು. ಕಾರಣವನ್ನು ಕೇಳುವ ಅಭ್ಯಾಸಕ್ಕೆ ದೇಶಭೇದವಿಲ್ಲ. ಹಾಗೆ ನೋಡಿದರೆ ಭಾರತವೇನೂ ಹಿಂದೆ ಬಿದ್ದಿಲ್ಲ. ಜಗದೀಶಚಂದ್ರ ಬೋಸರು 1896ರಲ್ಲೇ ತಲೆಗೆ ಹಚ್ಚುವ ಎಣ್ಣೆಯಿಂದ ಚಂಡಮಾರುತವನ್ನು ಶಾಂತಗೊಳಿಸಿದ ಕಥೆಯನ್ನು ಬಂಗಾಳಿಯಲ್ಲಿ ಬರೆದರು. ಬೇಗಂ ರೊಕೇಯಾ ಅವರು 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ, ಹೆಂಗಸರು ಸೂರ್ಯನ ಶಾಖವನ್ನು ಬಳಸಿ ರಾಜ್ಯವಾಳುವ ಕನಸನ್ನು ಚಿತ್ರಿಸಿದರು. ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಬೇರೆ ಹೆಸರಿನಲ್ಲಿ ಸ್ಪರ್ಧೆಗೆ ಕಥೆ ಕಳಿಸಿ ಬಹುಮಾನ ಪಡೆದು, ಆ ಬಳಿಕ ಮರಾಠಿಯಲ್ಲಿ ವಿಜ್ಞಾನ ಕಥೆಗಳ ಪರಂಪರೆಯನ್ನೇ ಬೆಳೆಸಿದರು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಇದನ್ನೇ ವ್ರತವೆಂಬಂತೆ ಮಾಡಿದರು.

ಇನ್ನು ಕೆಲವರು, ಕಾದಂಬರಿಯ ಭವಿಷ್ಯವಾಣಿ ನಿಜವಾಗಿದೆಯೇ ಎಂದು ನೋಡಿ ಬೆಲೆ ಕಟ್ಟುತ್ತಾರೆ. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಮೂವರು ಮನುಷ್ಯರನ್ನು ಫ್ಲೋರಿಡಾದಿಂದ ಚಂದ್ರನ ಕಡೆಗೆ ಕಳಿಸಿದ. 1969ರಲ್ಲಿ ಮೂವರು ಫ್ಲೋರಿಡಾದಿಂದಲೇ ಹೊರಟರು. ಕೇಳಲು ಸೊಗಸಾಗಿದೆ. ಆದರೆ ವರ್ನ್ ಅವರನ್ನು ಕಳಿಸಿದ್ದು 900 ಅಡಿ ಉದ್ದದ ಫಿರಂಗಿಯಿಂದ, ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ. ಹತ್ತನೆಯ ತರಗತಿಯ ಹುಡುಗನೊಬ್ಬ ಕರಿಹಲಗೆಯ ಮೇಲೆ ಲೆಕ್ಕ ಮಾಡಿದ. ಅಷ್ಟು ಗಿಡ್ಡ ಫಿರಂಗಿಯೊಳಗೆ ಅಷ್ಟು ವೇಗ ಬರಬೇಕಾದರೆ ವೇಗೋತ್ಕರ್ಷವು ಗುರುತ್ವದ 22 ಸಾವಿರ ಪಟ್ಟಿಗೂ ಮಿಗಿಲು! 40 ಕಿಲೋ ತೂಕದ ಹುಡುಗ ಆ ಕ್ಷಣದಲ್ಲಿ 880 ಟನ್ನಿಗಿಂತಲೂ ಹೆಚ್ಚು ತೂಗುತ್ತಾನೆ. "ಚಂದ್ರನಿಗೆ ಹೋಗುವುದು ಮೂವರಲ್ಲ ಸರ್, ಮೂರು ದೋಸೆ" ಎಂದ ಅವನು. ಕೋಣೆಯೆಲ್ಲ ನಕ್ಕಿತು. ಆದರೆ ಆ ದಿನ ಯಾರೂ ಗಂಟೆಯ ಕಡೆಗೆ ಕಿವಿಗೊಟ್ಟಿರಲಿಲ್ಲ. ಪುಸ್ತಕದ ತಪ್ಪೇ ನಮಗೆ ಉಪಕಾರ ಮಾಡಿತ್ತು. ಓದುಗನ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟವಾಗಿ ಬರೆದವನು ತಪ್ಪಿದರೂ ದೊಡ್ಡವನೇ.

ಈ ಪ್ರಸಂಗ ನನಗೆ ಇನ್ನೊಂದು ವಿಷಯವನ್ನು ತಿಳಿಸಿಕೊಟ್ಟಿತು. ಆ ಹುಡುಗ ವೇಗ, ವೇಗೋತ್ಕರ್ಷ, ಗುರುತ್ವ ಎಂದೆಲ್ಲ ಅಚ್ಚಗನ್ನಡದ ಹುಡುಗನಾಗಿ ಜಗಳವಾಡಿದ. ನಮ್ಮ ಮಕ್ಕಳು ಹತ್ತನೆಯ ತನಕ ಭೌತಶಾಸ್ತ್ರವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಹನ್ನೊಂದಕ್ಕೆ ಕಾಲಿಟ್ಟೊಡನೆ ಪಾಠ ಇಂಗ್ಲಿಷಿನಲ್ಲಿ. ಪೇಟೆಯ ವ್ಯವಹಾರ ಮಲಯಾಳದಲ್ಲಿ. ಅನೇಕರ ಮನೆಮಾತು ತುಳು. ಹೀಗಿರುವಾಗ ವಿಜ್ಞಾನದ ಕನ್ನಡ ಪದಗಳು ಪರೀಕ್ಷೆಯ ಕಾಗದದ ಮೇಲೆ ಹುಟ್ಟಿ ಅಲ್ಲಿಯೇ ಸಾಯುತ್ತವೆ. ನಗುತ್ತ, ಸಿಟ್ಟಾಗುತ್ತ, ಸೋಲುತ್ತ, ಗೆಲ್ಲುತ್ತ ಆ ಪದಗಳನ್ನು ಬಳಸಲು ಈ ಮಕ್ಕಳಿಗೆ ಬೇರೆಲ್ಲಿ ಅವಕಾಶವಿದೆ? ಓದುಗರ ಬಳಗ ಮುಚ್ಚಿಹೋದರೆ ಹೋಗುವುದು ಶುಕ್ರವಾರದ ಒಂದು ಗಂಟೆ ಮಾತ್ರವಲ್ಲ.

ಹಾಗಾದರೆ ಬರುವ ಜೂನ್ ತಿಂಗಳಿಗೆ ಯಾವ ಪುಸ್ತಕ? ನನ್ನ ಮತ ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1897ರಲ್ಲಿ ಪ್ರಕಟಿಸಿದ 'ಅದೃಶ್ಯ ಮನುಷ್ಯ'ನಿಗೆ. ಇದರಲ್ಲಿ ಅಸಾಧ್ಯವಾದದ್ದು ಒಂದೇ: ಗ್ರಿಫಿನ್ ಎಂಬ ಸಂಶೋಧಕ ತನ್ನ ದೇಹದ ವಕ್ರೀಭವನ ಸೂಚ್ಯಂಕವನ್ನು ಗಾಳಿಯ ಮಟ್ಟಕ್ಕೆ ಇಳಿಸಿಕೊಂಡು ಕಣ್ಣಿಗೆ ಕಾಣದಂತಾಗುತ್ತಾನೆ. ಅಲ್ಲಿಂದ ಮುಂದೆ ವೆಲ್ಸ್ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಬಟ್ಟೆ ಕಾಣುತ್ತದಾದ್ದರಿಂದ ಚಳಿಯಲ್ಲಿ ಬೆತ್ತಲೆ ಹೋಗಬೇಕು. ಉಂಡ ಅನ್ನ ಜೀರ್ಣವಾಗುವ ತನಕ ಹೊಟ್ಟೆಯೊಳಗೆ ಕಾಣುತ್ತದೆ. ಕೆಸರಿನ ಹೆಜ್ಜೆ ಗುರುತು ಕೊಡುತ್ತದೆ, ನಾಯಿಗೆ ವಾಸನೆ ತಿಳಿಯುತ್ತದೆ. ರೆಪ್ಪೆಯೂ ಪಾರದರ್ಶಕವಾದ್ದರಿಂದ ಹಗಲು ನಿದ್ರಿಸಲು ಮುಖಕ್ಕೆ ಹೊದಿಕೆ ಎಳೆದುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬೆಳಕನ್ನು ಹೀರಿಕೊಳ್ಳದ ಕಣ್ಣು ನೋಡುವುದು ಹೇಗೆ? ಅದೃಶ್ಯನಾದವನು ಕುರುಡನಾಗಿರಲೇಬೇಕು ಎಂದು ರಷ್ಯದ ವಿಜ್ಞಾನ ಲೇಖಕ ಯಾಕೋವ್ ಪೆರೆಲ್ಮನ್ ವಾದಿಸಿದ್ದಾರೆ. ಕಣ್ಣಿನ ಹಿಂಭಾಗದಲ್ಲಿ ಮಂಜಿಗಿಂತಲೂ ತೆಳುವಾದ ಬಣ್ಣ ಉಳಿದಿತ್ತೆಂದು ವೆಲ್ಸ್ ಮೊದಲೇ ಬರೆದಿಟ್ಟಿದ್ದಾನೆ. ಅಷ್ಟು ಸಾಕೇ? ಮಕ್ಕಳು ತೀರ್ಮಾನಿಸಲಿ. ಪ್ರಯೋಗಶಾಲೆಯಲ್ಲಿ ಗಾಜಿನ ಕಡ್ಡಿಯೊಂದನ್ನು ಗ್ಲಿಸರಿನ್‌ನಲ್ಲಿ ಅದ್ದಿ, ಅದು ಬಹುಮಟ್ಟಿಗೆ ಮಾಯವಾಗುವುದನ್ನು ನೋಡಿಯೇ ಚರ್ಚೆಗೆ ಕೂರಬಹುದು.

ಇದು ವಿಜ್ಞಾನದ ಮಾತಾಯಿತು. ಧರ್ಮಸೂಕ್ಷ್ಮವೂ ಇದೆ. ಗಾಯಗೊಂಡು ಹಸಿದು ಬಂದ ಗ್ರಿಫಿನ್‌ಗೆ ಹಳೆಯ ಸಹಪಾಠಿ ಡಾಕ್ಟರ್ ಕೆಂಪ್ ಅನ್ನ ಕೊಡುತ್ತಾನೆ, ಹಿಡಿದುಕೊಡುವುದಿಲ್ಲವೆಂದು ಮಾತು ಕೊಡುತ್ತಾನೆ. ಮತ್ತೆ ಗುಟ್ಟಾಗಿ ಪೊಲೀಸ್ ಅಧಿಕಾರಿಗೆ ಚೀಟಿ ಕಳಿಸುತ್ತಾನೆ. ಮನೆಗೆ ಬಂದವನನ್ನು ಒಪ್ಪಿಸುವುದು ದ್ರೋಹವಲ್ಲವೆ? ಊರನ್ನೇ ಹೆದರಿಸಿ ಆಳುತ್ತೇನೆಂದು ಹೊರಟವನಿಗೆ ಕೊಟ್ಟ ಮಾತು ಮಾತೇ? ಗ್ರಿಫಿನ್ ಅದೃಶ್ಯನಾದ್ದರಿಂದ ಕೆಟ್ಟನೆ, ಅಥವಾ ಸಂಶೋಧನೆಗೆಂದು ತಂದೆಯ ಬಳಿಯಿದ್ದ ಪರರ ಹಣವನ್ನು ಕದ್ದ ದಿನವೇ ಕೆಟ್ಟಿದ್ದನೆ? ಯಾರೂ ನೋಡುವುದಿಲ್ಲವೆಂದು ಗೊತ್ತಾದರೆ ನಾವೇನು ಮಾಡುತ್ತಿದ್ದೆವು? ಒಳ್ಳೆಯ ಅರ್ಥಧಾರಿಗೆ ಇದಕ್ಕಿಂತ ಹೆಚ್ಚು ಏನು ಬೇಕು!

ಅದರ ಮೊದಲು ಮೆಟ್ಟಿಲಾಗಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' (1980) ಓದಿದರೆ ಚೆನ್ನ. ಅದು ವೈಜ್ಞಾನಿಕ ಕಾದಂಬರಿಯ ಜಾತಿಗೆ ಸೇರಿದ್ದಲ್ಲ. ಆದರೆ ಹಾರುವ ಓತಿಯ ಬೆನ್ನು ಹಿಡಿದ ವಿಜ್ಞಾನಿಯೂ ಹಳ್ಳಿಗನೂ ಒಟ್ಟಿಗೆ ಕಾಡು ಹೊಕ್ಕುವ ಆ ಕಥೆ, ವಿಜ್ಞಾನ ನಮ್ಮ ಘಟ್ಟದಲ್ಲೂ ಇದೆಯೆಂಬ ಧೈರ್ಯ ಕೊಡುತ್ತದೆ. ಅದ್ಭುತ ಕಾದಂಬರಿಗಳಲ್ಲಿ ಅರ್ಸುಲಾ ಲೆಗ್ವಿನ್ ಅವರ 1968ರ ಕಾದಂಬರಿ, 'ಭೂಸಾಗರದ ಮಾಂತ್ರಿಕ' ಎಂದು ಕರೆಯಬಹುದಾದದ್ದು, ಮುಂದಿನ ಸರದಿಗೆ ಇರಲಿ. ಅಲ್ಲಿ ಯಾವುದೇ ವಸ್ತುವಿನ ನಿಜನಾಮ ತಿಳಿದವನಿಗೆ ಮಾತ್ರ ಅದರ ಮೇಲೆ ಅಧಿಕಾರ. ಮಂಜೇಶ್ವರ ಎಂದೂ ಮಂಜೇಶ್ವರಂ ಎಂದೂ ಒಂದೇ ಊರಿನ ಎರಡು ಹೆಸರು ಕೇಳಿ ಬೆಳೆದ ನಮ್ಮ ಮಕ್ಕಳಿಗೆ, ಹೆಸರಿನೊಳಗೆ ಏನಿದೆ ಎಂಬ ಪ್ರಶ್ನೆ ಹೊಸತಲ್ಲ.

ಒಂದು ತೊಡಕು ಉಳಿಯಿತು. ನಮ್ಮ ಕಪಾಟಿನಲ್ಲಿ 'ಅದೃಶ್ಯ ಮನುಷ್ಯ'ನ ಇಂಗ್ಲಿಷ್ ಪ್ರತಿ ಮಾತ್ರ ಇದೆ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ 60 ವರ್ಷದ ಹಕ್ಕು 2006ರ ಕೊನೆಗೆ ಮುಗಿದಿದೆ. ಅವನ ಪುಸ್ತಕವನ್ನು ಯಾರು ಬೇಕಾದರೂ ಅನುವಾದಿಸಬಹುದು. ಅದರಲ್ಲಿರುವುದು 28 ಅಧ್ಯಾಯ, ಒಂದು ಉಪಸಂಹಾರ. ಬಳಗದಲ್ಲಿ ಉಳಿದಿರುವ ಮಕ್ಕಳು 7. ಒಬ್ಬೊಬ್ಬರಿಗೆ ನಾಲ್ಕು ಅಧ್ಯಾಯ ಬಂತು. ನಿಘಂಟು ಹಿಡಿದು, ಇಂಗ್ಲಿಷ್ ಟೀಚರನ್ನೂ ವಿಜ್ಞಾನದ ಮಾಸ್ತರರನ್ನೂ ಪೀಡಿಸಿ, ವಾರಕ್ಕೊಂದರಂತೆ ಕನ್ನಡದಲ್ಲಿ ಬರೆದು ತಂದು ಓದಲಿ. ತಪ್ಪಾದರೆ ಆಗಲಿ, ತಿದ್ದಲು ಜಗಳವಾಡುವುದೇ ಓದು. ಹೊಸಬರು ಸೇರಿದರೆ ಪಾಲು ಕಡಿಮೆಯಾಗುತ್ತದೆ, ಆದುದರಿಂದ ಗೆಳೆಯರನ್ನು ಕರೆತರುವ ಉತ್ಸಾಹವೂ ಹೆಚ್ಚೀತು!

ಉಪಸಂಹಾರ ನನ್ನ ಪಾಲಿಗಿರಲಿ.

— ಸಂಚಾಲಕ, ಓದುಗರ ಬಳಗ